ದೊಡ್ಡ ಪ್ರಾಣಿಗಳ ಡಿಜಿಟಲ್ ಕ್ಷ-ಕಿರಣ ಪರೀಕ್ಷೆ: ಬೆಂಗಳೂರು ದಂಡು ಹಾಗೂ ಪೂರ್ವ ಭಾಗದ ಪಶುಪಾಲಕರಿಗೆ ಮಾಹಿತಿ

ಪೀಠಿಕೆ

ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೃಷ್ಣರಾಜಪುರ ಪ್ರದೇಶಗಳಲ್ಲಿ ಇಂದಿಗೂ ಹಸು, ಎಮ್ಮೆ, ಎತ್ತು ಹಾಗೂ ಕುದುರೆಗಳನ್ನು ಸಾಕುವ ಕುಟುಂಬಗಳಿವೆ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವು ಅಶ್ವದಳದ ಕುದುರೆಗಳನ್ನೂ ಜಟಕಾ ಬಂಡಿಗಳನ್ನೂ ಕಂಡ ಪ್ರದೇಶವಾಗಿದೆ. ಜಟಕಾಗಳು ಮರೆಯಾದರೂ ಮೆರವಣಿಗೆಯ ಕುದುರೆಗಳು ಉಳಿದಿವೆ. ಕೃಷ್ಣರಾಜಪುರದ ಕಡೆ ಹಾಲಿನ ಹಸುಗಳೇ ಅನೇಕ ಮನೆಗಳ ದೈನಂದಿನ ವರಮಾನದ ಆಧಾರವಾಗಿವೆ.

ಇಂತಹ ಪಶುವು ಕುಂಟಿದಾಗ, ಮೇವು ಬಿಟ್ಟಾಗ ಅಥವಾ ವಾಹನದ ಅಪಘಾತಕ್ಕೆ ಈಡಾದಾಗ ಕ್ಷ-ಕಿರಣ, ಅಂದರೆ ಎಕ್ಸ್-ರೇ ಪರೀಕ್ಷೆಯನ್ನು ಮಾಡಿಸಬೇಕೆಂಬ ಸಲಹೆ ದೊರೆಯುವುದುಂಟು. ಡಿಜಿಟಲ್ ಉಪಕರಣವಿದ್ದಲ್ಲಿ ಎಲ್ಲವೂ ತಿಳಿಯುತ್ತದೆ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಪೂರ್ಣವಾಗಿ ಸರಿಯಲ್ಲ. ನಾಲ್ಕುನೂರು, ಐನೂರು ಕಿಲೋಗ್ರಾಂ ತೂಕದ ಪ್ರಾಣಿಯಲ್ಲಿ ಯಾವ ಭಾಗದ ಚಿತ್ರ ಬೇಕು, ಅದಕ್ಕೆ ಎಷ್ಟು ಸಾಮರ್ಥ್ಯದ ಯಂತ್ರ ಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು. ಇದನ್ನು ತಿಳಿಯದೆ ನೋವಿನಲ್ಲಿರುವ ಪಶುವನ್ನು ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿಸಿದಲ್ಲಿ ಹಣವೂ ಕಾಲವೂ ವ್ಯರ್ಥವಾಗಿ, ಪಶುವಿನ ಪ್ರಾಣಕ್ಕೇ ಅಪಾಯ ಒದಗಬಹುದು. ಆದ್ದರಿಂದ ಸೇವೆಯನ್ನು ಕೋರುವ ಮುನ್ನ ಈ ಕೆಳಕಂಡ ಮಾಹಿತಿಯನ್ನು ಓದಿಕೊಳ್ಳಬೇಕೆಂದು ವಿನಂತಿಸಲಾಗಿದೆ.

1. ಉಪಕರಣದ ರಚನೆ ಮತ್ತು ಕಾರ್ಯ

ವಿಲ್ಹೆಲ್ಮ್ ರಾಂಟ್‌ಜೆನ್ ಅವರು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಈ ಕಿರಣಗಳು ಮಾಂಸಖಂಡದ ಮೂಲಕ ಸುಲಭವಾಗಿ ಹಾದುಹೋಗುತ್ತವೆ. ಮೂಳೆಯಲ್ಲಿ ಹೆಚ್ಚಿನ ಭಾಗ ತಡೆಯಲ್ಪಡುತ್ತದೆ. ಕಬ್ಬಿಣದಂತಹ ಲೋಹದಲ್ಲಿ ಇನ್ನೂ ಹೆಚ್ಚಾಗಿ ತಡೆಯಲ್ಪಡುತ್ತದೆ. ಈ ವ್ಯತ್ಯಾಸವೇ ಚಿತ್ರವಾಗಿ ಮೂಡುತ್ತದೆ.

ಯಾವುದೇ ಕ್ಷ-ಕಿರಣ ವ್ಯವಸ್ಥೆಯಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ. ಮೊದಲನೆಯದು ಕಿರಣಗಳನ್ನು ಉತ್ಪಾದಿಸುವ ಯಂತ್ರ. ಎರಡನೆಯದು ಪ್ರಾಣಿಯ ದೇಹದ ಮೂಲಕ ಹಾದುಬಂದ ಕಿರಣಗಳನ್ನು ಗ್ರಹಿಸುವ ಫಲಕ. ಹಳೆಯ ಪದ್ಧತಿಯಲ್ಲಿ ಫಲಕದ ಸ್ಥಾನದಲ್ಲಿ ಫಿಲ್ಮ್ ಇರುತ್ತಿತ್ತು. ಅದನ್ನು ಕತ್ತಲೆ ಕೋಣೆಯಲ್ಲಿ ರಾಸಾಯನಿಕ ದ್ರಾವಣಗಳಲ್ಲಿ ಸಂಸ್ಕರಿಸಿ ಒಣಗಿಸಬೇಕಾಗಿತ್ತು. ಚಿತ್ರ ಸರಿಯಾಗಿಲ್ಲವೆಂದು ತಿಳಿಯುವ ವೇಳೆಗೆ ಪ್ರಾಣಿಯು ಸ್ಥಳ ಬದಲಿಸಿರುತ್ತಿತ್ತು.

ಡಿಜಿಟಲ್ ಪದ್ಧತಿಯಲ್ಲಿ ಎರಡು ವಿಧಗಳಿವೆ.

ಅ) ಕಂಪ್ಯೂಟೆಡ್ ರೇಡಿಯಾಗ್ರಫಿ (ಸಿ.ಆರ್.): ಫಿಲ್ಮಿನ ಬದಲು ಫಾಸ್ಫರ್ ಲೇಪವುಳ್ಳ ಫಲಕವನ್ನು ಕ್ಯಾಸೆಟ್ಟಿನಲ್ಲಿಟ್ಟು ಚಿತ್ರ ತೆಗೆಯಲಾಗುತ್ತದೆ. ನಂತರ ಫಲಕವನ್ನು ಓದುವ ಯಂತ್ರಕ್ಕೆ ಹಾಕಿದಾಗ ಚಿತ್ರವು ಕಂಪ್ಯೂಟರಿನಲ್ಲಿ ಮೂಡುತ್ತದೆ. ಅದೇ ಫಲಕವನ್ನು ಅಳಿಸಿ ಪುನಃ ಬಳಸಬಹುದು.

ಆ) ನೇರ ಡಿಜಿಟಲ್ ರೇಡಿಯಾಗ್ರಫಿ (ಡಿ.ಆರ್.): ಫಲಕವೇ ವಿದ್ಯುನ್ಮಾನ ಗ್ರಾಹಕವಾಗಿದ್ದು, ಕೆಲವೇ ಸೆಕೆಂಡುಗಳಲ್ಲಿ ಚಿತ್ರವು ಪರದೆಯ ಮೇಲೆ ಕಾಣುತ್ತದೆ. ತಂತಿಯಿಲ್ಲದೆ ಕಂಪ್ಯೂಟರಿಗೆ ಚಿತ್ರವನ್ನು ಕಳುಹಿಸುವ ಫಲಕಗಳೂ ಬಳಕೆಯಲ್ಲಿವೆ.

ದೊಡ್ಡ ಪ್ರಾಣಿಗಳ ಚಿಕಿತ್ಸೆಯಲ್ಲಿ ಡಿ.ಆರ್. ಪದ್ಧತಿಯ ಪ್ರಮುಖ ಅನುಕೂಲವೆಂದರೆ, ಪ್ರಾಣಿಯು ಅದೇ ಸ್ಥಳದಲ್ಲಿ ನಿಂತಿರುವಾಗಲೇ ವೈದ್ಯರು ಚಿತ್ರವನ್ನು ನೋಡಿ, ಅಗತ್ಯವಿದ್ದಲ್ಲಿ ಕೋನವನ್ನು ಬದಲಿಸಿ ಮತ್ತೊಂದು ಚಿತ್ರ ತೆಗೆಯಬಹುದು. ಕಿರಣದ ಪ್ರಮಾಣದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೂ ಚಿತ್ರವನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸಿ ನೋಡಬಹುದು. ಇದರಿಂದ ಪುನಃ ಪುನಃ ಚಿತ್ರ ತೆಗೆಯುವ ಸಂದರ್ಭಗಳು ಕಡಿಮೆಯಾಗುತ್ತವೆ.

ಆದರೆ ಒಂದು ಅಂಶವನ್ನು ಗಮನಿಸತಕ್ಕದ್ದು. ಡಿಜಿಟಲ್ ಎಂಬುದು ಚಿತ್ರವನ್ನು ಗ್ರಹಿಸುವ ವಿಧಾನ ಮಾತ್ರ. ಕಿರಣವು ಪ್ರಾಣಿಯ ದೇಹವನ್ನು ದಾಟಿ ಬರಬೇಕಾದರೆ ಉತ್ಪಾದಿಸುವ ಯಂತ್ರಕ್ಕೆ ತಕ್ಕಷ್ಟು ಸಾಮರ್ಥ್ಯವಿರಬೇಕು. ಫಲಕ ಎಷ್ಟೇ ಉತ್ತಮವಾಗಿದ್ದರೂ ದೇಹವನ್ನು ದಾಟದ ಕಿರಣವನ್ನು ಅದು ಗ್ರಹಿಸಲಾರದು.

2. ಯಾವ ಭಾಗಕ್ಕೆ ಯಾವ ಯಂತ್ರ

ಅ) ಕೈಯಲ್ಲಿ ಒಯ್ಯಬಹುದಾದ ಯಂತ್ರ: ಇದು ಸಾಮಾನ್ಯವಾಗಿ 80 ರಿಂದ 100 ಕಿಲೋವೋಲ್ಟ್ ವರೆಗಿನ ಸಾಮರ್ಥ್ಯ ಹೊಂದಿರುತ್ತದೆ. ಗೊರಸು, ಗೆಣ್ಣು, ಮುಂಗಾಲಿನ ಮಂಡಿ, ಹಿಂಗಾಲಿನ ಹಿಮ್ಮಡಿ ಕೀಲು, ದವಡೆ, ಕೊಂಬಿನ ಬುಡ ಹಾಗೂ ಕರುಗಳ ದೇಹದ ಬಹುತೇಕ ಭಾಗಗಳಿಗೆ ಇದು ಸಾಕಾಗುತ್ತದೆ. ಕೊಟ್ಟಿಗೆಯ ಬಳಿಯೇ ಬಳಸಬಹುದು.

ಆ) ಆಸ್ಪತ್ರೆಯಲ್ಲಿ ಸ್ಥಿರವಾಗಿ ಅಳವಡಿಸಿದ ಹೆಚ್ಚಿನ ಸಾಮರ್ಥ್ಯದ ಯಂತ್ರ: ವಯಸ್ಕ ಹಸು, ಎಮ್ಮೆ ಅಥವಾ ಕುದುರೆಯ ಎದೆ, ಹೊಟ್ಟೆಯ ಮುಂಭಾಗ, ಭುಜ, ಬೆನ್ನು ಹಾಗೂ ಸೊಂಟದ ಭಾಗಗಳಿಗೆ ಇದು ಅವಶ್ಯಕ. ಇಂತಹ ಭಾಗಗಳನ್ನು ಸಣ್ಣ ಯಂತ್ರದಲ್ಲಿ ತೆಗೆದಾಗ ಚಿತ್ರ ಮಸುಕಾಗಿ, ರೋಗವಿದ್ದರೂ ಕಾಣದೆ ಹೋಗಬಹುದು.

ಆದ್ದರಿಂದ ನಾಯಿ, ಬೆಕ್ಕುಗಳಿಗೆ ಎಕ್ಸ್-ರೇ ತೆಗೆಯುವ ಎಲ್ಲ ಸ್ಥಳಗಳಲ್ಲೂ ಹಸುವಿನ ಎದೆ ಅಥವಾ ಹೊಟ್ಟೆಯ ಚಿತ್ರ ತೆಗೆಯಲು ಸಾಧ್ಯವೆಂದು ಭಾವಿಸತಕ್ಕದ್ದಲ್ಲ. ದೊಡ್ಡ ಪ್ರಾಣಿಯನ್ನು ಒಳಗೆ ತರುವ ಬಾಗಿಲು, ಜಾರದ ನೆಲ, ಪ್ರಾಣಿಯನ್ನು ನಿಲ್ಲಿಸುವ ಟ್ರಾವಿಸ್ ಚೌಕಟ್ಟು ಮತ್ತು ವಾಹನದಿಂದ ಇಳಿಸುವ ಇಳಿಜಾರು ಕಟ್ಟೆ ಇವೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

3. ಪರೀಕ್ಷೆಯಿಂದ ತಿಳಿಯುವ ಮತ್ತು ತಿಳಿಯದ ಅಂಶಗಳು

ತಿಳಿಯುವ ಅಂಶಗಳು:

- ಮೂಳೆ ಮುರಿತ, ಕೀಲು ತಪ್ಪಿರುವುದು, ಕೀಲಿನ ಸವೆತ.
- ಗೊರಸಿನೊಳಗಿನ ಮೂಳೆಯ ಸ್ಥಾನಪಲ್ಲಟ ಮತ್ತು ಕೀವಿನಿಂದಾದ ಹಾನಿ.
- ದವಡೆ ಮೂಳೆಯ ಗಡ್ಡೆ, ಹಲ್ಲಿನ ಬೇರಿನ ತೊಂದರೆ.
- ಹೊಟ್ಟೆಯಲ್ಲಿರುವ ತಂತಿ, ಮೊಳೆ, ಸೂಜಿ, ನಾಣ್ಯ ಮುಂತಾದ ಲೋಹದ ವಸ್ತುಗಳು.

ತಿಳಿಯದ ಅಂಶಗಳು:

- ಪ್ಲಾಸ್ಟಿಕ್ ಚೀಲ, ಬಟ್ಟೆ ಮತ್ತು ಹಗ್ಗ. ಹೊಟ್ಟೆಯಲ್ಲಿ ಹತ್ತಾರು ಕಿಲೋಗ್ರಾಂ ಪ್ಲಾಸ್ಟಿಕ್ ಇದ್ದರೂ ಅದು ಮೇವಿನಿಂದ ಬೇರೆಯಾಗಿ ಕಾಣುವುದಿಲ್ಲ.
- ಸ್ನಾಯುರಜ್ಜು ಮತ್ತು ಅಸ್ಥಿಬಂಧಗಳ ಹರಿತ. ಇದಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆ ಸೂಕ್ತ.
- ಹಸುವಿನ ಗರ್ಭಧಾರಣೆ. ಇದಕ್ಕೆ ಗುದದ್ವಾರದ ಮೂಲಕ ಕೈ ಪರೀಕ್ಷೆ ಅಥವಾ ಅಲ್ಟ್ರಾಸೌಂಡ್ ಬಳಸಲಾಗುತ್ತದೆ.
- ಕೂದಲೆಳೆಯಂತಹ ಹೊಸ ಬಿರುಕು. ಇದು ಮೊದಲ ದಿನ ಕಾಣದೆ, ಒಂದೆರಡು ವಾರಗಳ ನಂತರದ ಚಿತ್ರದಲ್ಲಿ ಕಾಣಬಹುದು. ಚಿತ್ರ ಸರಿಯಾಗಿದೆ ಎಂದು ತಿಳಿದ ನಂತರವೂ ಪಶು ಕುಂಟುತ್ತಿದ್ದಲ್ಲಿ ವೈದ್ಯರನ್ನು ಮತ್ತೆ ಕಾಣತಕ್ಕದ್ದು.

4. ತಂತಿ ನುಂಗಿದ ಹಸು

ನಗರದ ಹಸುಗಳಲ್ಲಿ ಹೊಟ್ಟೆಯ ಕ್ಷ-ಕಿರಣ ಪರೀಕ್ಷೆಗೆ ಮುಖ್ಯ ಕಾರಣ ನುಂಗಿದ ಲೋಹ. ಹಸುವು ಮೇವನ್ನು ಸರಿಯಾಗಿ ಅಗಿಯದೆ ನುಂಗಿ ನಂತರ ಮೆಲುಕು ಹಾಕುವ ಪ್ರಾಣಿ. ಮೇವಿನೊಂದಿಗೆ ಬಂದ ತಂತಿಯನ್ನು ಅದು ನಾಲಗೆಯಿಂದ ಬೇರ್ಪಡಿಸಿ ಉಗುಳುವುದಿಲ್ಲ. ಕೃಷ್ಣರಾಜಪುರದಂತಹ ಬೆಳೆಯುತ್ತಿರುವ ಪ್ರದೇಶಗಳಲ್ಲಿ ಕಟ್ಟಡ ಕಾಮಗಾರಿಯ ಬೈಂಡಿಂಗ್ ವೈರ್ ತುಂಡುಗಳು ಹುಲ್ಲಿನಲ್ಲಿ ಸೇರಿಕೊಳ್ಳುತ್ತವೆ. ಮಾರುಕಟ್ಟೆಯ ಕಸದಲ್ಲಿ ಹೂಗುಚ್ಛದ ತಂತಿ, ಹೋಟೆಲ್ ಕಸದಲ್ಲಿ ಸ್ಟೇಪಲ್ ಪಿನ್ನು, ಹಬ್ಬದ ನಂತರ ಚಪ್ಪರದ ಮೊಳೆ ಇರುತ್ತವೆ. ಆಯುಧಪೂಜೆಯಂದು ನಾಣ್ಯ ಸೇರಿಸಿ ರಸ್ತೆಯಲ್ಲಿ ಒಡೆಯುವ ಬೂದುಕುಂಬಳವನ್ನೂ ದನಗಳು ತಿನ್ನುತ್ತವೆ.

ನುಂಗಿದ ಭಾರವಾದ ವಸ್ತುವು ಜೇನುಗೂಡಿನಂತಹ ಒಳಮೈಯುಳ್ಳ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಈ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆ ಮತ್ತು ಹೃದಯದ ಹೊರಪೊರೆ ಮಾತ್ರ. ಹೊಟ್ಟೆಯು ಸಂಕುಚಿಸಿದಾಗಲೆಲ್ಲ ಚೂಪಾದ ತಂತಿ ಮುಂದಕ್ಕೆ ಒತ್ತಲ್ಪಟ್ಟು, ಹೊಟ್ಟೆಯ ಗೋಡೆಯನ್ನು ಚುಚ್ಚಿ, ಕೆಲವೊಮ್ಮೆ ಹೃದಯದವರೆಗೂ ತಲುಪುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಕರು ಹಾಕುವ ಸಮಯದಲ್ಲಿ ಒತ್ತಡ ಹೆಚ್ಚುವುದರಿಂದ ಅಪಾಯವೂ ಹೆಚ್ಚು.

ಮೊದಲ ಹಂತದ ಲಕ್ಷಣಗಳು: ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಮೇವು ಮತ್ತು ಮೆಲುಕು ನಿಲ್ಲುವುದು, ಬೆನ್ನು ಬಾಗಿಸಿ ಮೊಣಕೈಗಳನ್ನು ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವುದು, ಮಲಗುವಾಗ ಮತ್ತು ಏಳುವಾಗ ನರಳುವುದು.

ತಡವಾದ ಹಂತದ ಲಕ್ಷಣಗಳು: ಗಂಗೆದೊಗಲು ಮತ್ತು ದವಡೆಯ ಕೆಳಗೆ ನೀರು ತುಂಬಿದ ಊತ, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬುವುದು. ಇವು ಹೃದಯದ ಹೊರಪೊರೆಗೆ ಸೋಂಕು ತಗುಲಿರುವುದರ ಸೂಚನೆಗಳು. ಈ ಹಂತದಲ್ಲಿ ಹಸು ಉಳಿಯುವ ಸಾಧ್ಯತೆ ಬಹಳ ಕಡಿಮೆ.

ಮೊದಲ ಹಂತದಲ್ಲಿಯೇ ಪರೀಕ್ಷೆ ಮಾಡಿಸಿದಲ್ಲಿ ಪ್ರಯೋಜನ ಹೆಚ್ಚು. ಹಸುವನ್ನು ನಿಲ್ಲಿಸಿಯೇ, ಮೊಣಕೈಯ ಹಿಂಭಾಗದಲ್ಲಿ ಪಕ್ಕದಿಂದ ಕಿರಣ ಹಾಯಿಸಿ ಚಿತ್ರ ತೆಗೆಯಲಾಗುತ್ತದೆ. ಇದಕ್ಕೆ ಹೆಚ್ಚಿನ ಸಾಮರ್ಥ್ಯದ ಯಂತ್ರ ಬೇಕು.

ಚಿತ್ರದಲ್ಲಿ ಲೋಹ ಕಂಡಿತೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದು ಅರ್ಥವಲ್ಲ. ಆರೋಗ್ಯವಂತ ಹಸುಗಳ ಹೊಟ್ಟೆಯ ತಳದಲ್ಲಿಯೂ ಲೋಹದ ಚೂರುಗಳು ಸುಮ್ಮನೆ ಬಿದ್ದಿರುವುದುಂಟು. ತಂತಿಯು ತಳದಲ್ಲಿ ಅಡ್ಡಲಾಗಿ ಬಿದ್ದಿದೆಯೇ, ಗೋಡೆಗೆ ನಾಟಿ ನಿಂತಿದೆಯೇ, ಹೊಟ್ಟೆಯ ಗಡಿಯನ್ನು ದಾಟಿದೆಯೇ ಎಂಬುದೇ ಮುಖ್ಯ. ಲೋಹವನ್ನು ಪತ್ತೆಮಾಡುವ ಸಾಧನ ಈ ವ್ಯತ್ಯಾಸವನ್ನು ಹೇಳಲಾರದು, ಕ್ಷ-ಕಿರಣ ಚಿತ್ರ ಹೇಳಬಲ್ಲದು. ಇದನ್ನಾಧರಿಸಿ ವೈದ್ಯರು ಅಯಸ್ಕಾಂತ ನುಂಗಿಸಿ ಔಷಧೋಪಚಾರ ಮಾಡುವುದೋ, ಎಡಪಕ್ಕೆಯಲ್ಲಿ ಮೆಲುಕು ಚೀಲವನ್ನು ತೆರೆದು ತಂತಿಯನ್ನು ಹೊರತೆಗೆಯುವುದೋ ಎಂಬುದನ್ನು ನಿರ್ಧರಿಸುತ್ತಾರೆ. ಹಸುವಿಗೆ ಹಿಂದೆ ಅಯಸ್ಕಾಂತ ನುಂಗಿಸಿದ್ದಲ್ಲಿ ತಪ್ಪದೇ ತಿಳಿಸತಕ್ಕದ್ದು. ತಂತಿಯು ಅಯಸ್ಕಾಂತಕ್ಕೆ ಅಂಟಿಕೊಂಡಿರುವುದು ಚಿತ್ರದಲ್ಲಿ ಕಂಡುಬಂದಲ್ಲಿ ಶಸ್ತ್ರಚಿಕಿತ್ಸೆ ತಪ್ಪುವ ಸಾಧ್ಯತೆಯಿದೆ.

5. ಮೂಳೆ ಮುರಿತವಾದಾಗ

ಮುರಿದ ಕಾಲಿನ ಪಶುವನ್ನು ಹಾಗೆಯೇ ವಾಹನಕ್ಕೆ ಹತ್ತಿಸತಕ್ಕದ್ದಲ್ಲ. ಒಳಗಿನ ಮುರಿತವು ಚರ್ಮವನ್ನು ಸೀಳಿ ಹೊರಬಂದಲ್ಲಿ ಗುಣವಾಗಬಹುದಾಗಿದ್ದ ಕಾಲು ಗುಣವಾಗದ ಸ್ಥಿತಿಗೆ ಬರುತ್ತದೆ. ಮೊದಲು ಸ್ಥಳೀಯ ಪಶುವೈದ್ಯರನ್ನು ಕರೆಸಿ, ದಪ್ಪ ಹತ್ತಿಯ ಕಟ್ಟು ಹಾಗೂ ಉದ್ದಕ್ಕೆ ಸೀಳಿದ ಪಿ.ವಿ.ಸಿ. ಕೊಳವೆ ಅಥವಾ ಬಿದಿರಿನ ದಬ್ಬೆಯಿಂದ ಕಾಲನ್ನು ಅಲುಗದಂತೆ ಕಟ್ಟಿಸಬೇಕು. ದಬ್ಬೆಯು ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳನ್ನು ದಾಟಿರಬೇಕು. ಮುರಿತದ ಮಟ್ಟದಲ್ಲಿಯೇ ಕೊನೆಗೊಳ್ಳುವ ದಬ್ಬೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಮುರಿತದ ನಿರ್ಧಾರಕ್ಕೆ ಒಂದು ಚಿತ್ರ ಸಾಲದು. ಮುಂದಿನಿಂದ ಹಾಗೂ ಪಕ್ಕದಿಂದ, ಕನಿಷ್ಠ ಎರಡು ಚಿತ್ರಗಳು ಬೇಕು. ಕರುಗಳ ಕಾಲಿನ ಕೆಳಭಾಗದ ಮುರಿತಗಳು ಪ್ಲಾಸ್ಟರ್ ಕಟ್ಟಿನಿಂದ ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ವಯಸ್ಕ ಹಸುವಿನ ತೊಡೆಮೂಳೆ ಅಥವಾ ಕುದುರೆಯ ಮೇಲ್ಭಾಗದ ಉದ್ದ ಮೂಳೆಯು ಪೂರ್ಣವಾಗಿ ಮುರಿದಾಗ ಗುಣವಾಗುವ ಸಾಧ್ಯತೆ ಅತ್ಯಲ್ಪ. ಇಂತಹ ಸಂದರ್ಭದಲ್ಲಿ ಚಿತ್ರದ ಉದ್ದೇಶ ಚಿಕಿತ್ಸೆ ಮಾತ್ರವಲ್ಲ. ಪ್ರಾಣಿಯನ್ನು ನಿಷ್ಪ್ರಯೋಜಕ ನೋವಿಗೆ ಗುರಿಪಡಿಸದಿರಲು ಅದು ಆಧಾರ ಒದಗಿಸುತ್ತದೆ.

6. ಕುದುರೆಗಳ ಬಗ್ಗೆ ವಿಶೇಷ ಸೂಚನೆ

ಕುದುರೆಗಳಲ್ಲಿ ಹೆಚ್ಚಾಗಿ ಗೊರಸು ಮತ್ತು ಗೆಣ್ಣಿನ ಚಿತ್ರಗಳು ಬೇಕಾಗುತ್ತವೆ. ಡಾಂಬರು ರಸ್ತೆಯಲ್ಲಿ ದೀರ್ಘಕಾಲ ನಡೆಯುವ ಕುದುರೆಯ ಕೀಲುಗಳು ಬೇಗ ಸವೆಯುತ್ತವೆ. ಗೊರಸಿನ ಉರಿಯೂತವಾದಾಗ ಒಳಗಿನ ಮೂಳೆ ಎಷ್ಟು ತಿರುಗಿದೆ ಅಥವಾ ಕೆಳಗಿಳಿದಿದೆ ಎಂಬುದನ್ನು ಪಕ್ಕದಿಂದ ತೆಗೆದ ಚಿತ್ರದಲ್ಲಿ ಅಳೆದು, ಲಾಳ ಹೊಡೆಯುವವರಿಗೆ ಗೊರಸನ್ನು ಎಲ್ಲಿ ಎಷ್ಟು ಕತ್ತರಿಸಬೇಕೆಂದು ಸೂಚಿಸಬಹುದು. ಗೊರಸಿನ ಚಿತ್ರಕ್ಕೆ ಲಾಳವನ್ನು ತೆಗೆಸಬೇಕಾಗಬಹುದು. ಆದರೆ ವೈದ್ಯರ ಸೂಚನೆಯಿಲ್ಲದೆ ಮನೆಯಲ್ಲಿಯೇ ತೆಗೆಸತಕ್ಕದ್ದಲ್ಲ. ಅಂಗಾಲಿನ ಸಂದುಗಳಲ್ಲಿ ಸೇರಿರುವ ಮಣ್ಣು ಮತ್ತು ಜಲ್ಲಿ ಚಿತ್ರದಲ್ಲಿ ಬಿರುಕಿನಂತೆ ಕಾಣುವುದರಿಂದ ಗೊರಸನ್ನು ಚೆನ್ನಾಗಿ ಸ್ವಚ್ಛಗೊಳಿಸಬೇಕು.

7. ಸೇವೆಯನ್ನು ಪಡೆಯುವ ಕ್ರಮ

(1) ಮೊದಲು ತಮ್ಮ ವ್ಯಾಪ್ತಿಯ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯದ ವೈದ್ಯರಿಂದ ಪಶುವನ್ನು ಪರೀಕ್ಷೆ ಮಾಡಿಸತಕ್ಕದ್ದು. ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರಸ್ಥಾನ ಕೃಷ್ಣರಾಜಪುರವಾಗಿದೆ. ತಾಲ್ಲೂಕು ಮಟ್ಟದಲ್ಲಿ ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಸಹಾಯಕ ನಿರ್ದೇಶಕರನ್ನು ಸಂಪರ್ಕಿಸಬಹುದು. ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರು ಸಂಘದ ಮೂಲಕವೂ ವಿಚಾರಿಸಬಹುದು.

(2) ಪಶುವನ್ನು ನಡೆಸಲಾಗದ ಸಂದರ್ಭದಲ್ಲಿ ಸಂಚಾರಿ ಪಶು ಚಿಕಿತ್ಸಾ ಘಟಕದ ಶುಲ್ಕರಹಿತ ದೂರವಾಣಿ 1962ಕ್ಕೆ ಕರೆ ಮಾಡಬಹುದು. ಘಟಕದಲ್ಲಿಯೇ ಕ್ಷ-ಕಿರಣ ಯಂತ್ರ ಇರುವುದೆಂದು ಭಾವಿಸದೆ, ಪ್ರಥಮ ಚಿಕಿತ್ಸೆ ಮತ್ತು ಮುಂದಿನ ಸಲಹೆಗಾಗಿ ಇದನ್ನು ಬಳಸಿಕೊಳ್ಳಬೇಕು.

(3) ವೈದ್ಯರಿಂದ ಶಿಫಾರಸು ಪತ್ರ ಪಡೆಯತಕ್ಕದ್ದು. ಪತ್ರದಲ್ಲಿ ಚಿತ್ರ ತೆಗೆಯಬೇಕಾದ ಭಾಗ, ಎಡ ಅಥವಾ ಬಲ ಎಂಬ ವಿವರ, ಸಂಶಯಿಸಿದ ರೋಗ, ಈಗಾಗಲೇ ನೀಡಿರುವ ಔಷಧಿ ಮತ್ತು ಪಶುವು ಗರ್ಭ ಧರಿಸಿದೆಯೇ ಎಂಬುದು ಇರಬೇಕು. "ಎಕ್ಸ್-ರೇ ಮಾಡಿ" ಎಂದಷ್ಟೇ ಬರೆದ ಪತ್ರದಿಂದ ಪ್ರಯೋಜನವಿಲ್ಲ.

(4) ದಂಡು ಪ್ರದೇಶದವರಿಗೆ ಹತ್ತಿರದಲ್ಲಿರುವುದು ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದಾದ ಪಶುಗಳನ್ನು ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಕಳುಹಿಸಿಕೊಡುವುದುಂಟು. 1958ರಲ್ಲಿ ಆರಂಭವಾದ ಈ ಮಹಾವಿದ್ಯಾಲಯವು ಈಗ ಬೀದರಿನಲ್ಲಿ ಕೇಂದ್ರಸ್ಥಾನವುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

(5) ಹೊರಡುವ ಮುನ್ನ ಆಸ್ಪತ್ರೆಯನ್ನು ಸಂಪರ್ಕಿಸಿ ಈ ಮೂರು ಪ್ರಶ್ನೆಗಳನ್ನು ತಪ್ಪದೇ ಕೇಳತಕ್ಕದ್ದು: ಈ ದಿನ ಯಂತ್ರ ಕಾರ್ಯನಿರತವಾಗಿದೆಯೇ? ವಯಸ್ಕ ಹಸುವಿನ ಅಥವಾ ಕುದುರೆಯ ಈ ಭಾಗದ ಚಿತ್ರ ತೆಗೆಯಲು ಅದರ ಸಾಮರ್ಥ್ಯ ಸಾಲುವುದೇ? ಚಿತ್ರ ತೆಗೆಯುವ ಸಿಬ್ಬಂದಿ ಯಾವ ವೇಳೆಯಲ್ಲಿ ಲಭ್ಯವಿರುತ್ತಾರೆ?

(6) ಜೊತೆಯಲ್ಲಿ ತರಬೇಕಾದವು: ಶಿಫಾರಸು ಪತ್ರ, ಮಾಲೀಕರ ಗುರುತಿನ ಚೀಟಿ, ಪಶುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಹಿಂದಿನ ಚಿಕಿತ್ಸೆಯ ಚೀಟಿಗಳು, ವಿಮೆ ಇದ್ದಲ್ಲಿ ಅದರ ಪ್ರತಿ. ಶುಲ್ಕ ಪಾವತಿಸಿದಲ್ಲಿ ರಸೀದಿ ಪಡೆಯತಕ್ಕದ್ದು.

(7) ಪಶುವಿನ ಮೈಯನ್ನು ಒಣಗಿಸಿ, ಚಿತ್ರ ತೆಗೆಯುವ ಭಾಗದಲ್ಲಿನ ಮಣ್ಣು, ಸಗಣಿ, ಲೇಪ ಹಾಗೂ ಅಯೋಡಿನ್ ಔಷಧಿಯನ್ನು ತೊಳೆದಿರಬೇಕು. ಇವು ಚಿತ್ರದಲ್ಲಿ ನೆರಳಾಗಿ ಮೂಡುತ್ತವೆ. ಕಬ್ಬಿಣದ ಸರಪಳಿ, ಗಂಟೆಗಳನ್ನು ತೆಗೆದು ನೂಲಿನ ಹಗ್ಗ ಕಟ್ಟತಕ್ಕದ್ದು.

8. ಸಾಗಾಟ

ಪ್ರಾಣಿಗಳ ಸಾಗಾಟ ನಿಯಮಗಳು, 1978ರ ಮೇರೆಗೆ ದನಗಳನ್ನು ಸಾಗಿಸುವಾಗ ಪಶುವೈದ್ಯರ ಪ್ರಮಾಣ ಪತ್ರ ಇರತಕ್ಕದ್ದು. ಚಿಕಿತ್ಸೆಗಾಗಿ ಕರೆದೊಯ್ಯುವಾಗ ಶಿಫಾರಸು ಪತ್ರವೂ ವಾಹನದಲ್ಲಿದ್ದಲ್ಲಿ ಮಾರ್ಗಮಧ್ಯೆ ತಪಾಸಣೆಯ ವೇಳೆ ಅನಾವಶ್ಯಕ ವಿಳಂಬವಾಗುವುದಿಲ್ಲ. ವಾಹನದ ನೆಲಕ್ಕೆ ಮರಳು ಅಥವಾ ಹುಲ್ಲು ಹಾಸಿ, ಹತ್ತಿಸಲು ಇಳಿಜಾರು ಹಲಗೆ ಬಳಸಬೇಕು. ಮುಂಗಾಲಿಗೆ ಪೆಟ್ಟಾಗಿರುವ ಕುದುರೆಯನ್ನು ಹಿಮ್ಮುಖವಾಗಿಯೂ, ಹಿಂಗಾಲಿಗೆ ಪೆಟ್ಟಾಗಿರುವುದನ್ನು ಮುಮ್ಮುಖವಾಗಿಯೂ ನಿಲ್ಲಿಸಿದಲ್ಲಿ ಬ್ರೇಕ್ ಹಾಕಿದಾಗ ಭಾರವು ಸರಿಯಿರುವ ಕಾಲುಗಳ ಮೇಲೆ ಬೀಳುತ್ತದೆ.

ಕೃಷ್ಣರಾಜಪುರದಿಂದ ಹೊರ ವರ್ತುಲ ರಸ್ತೆಯಲ್ಲಿ ಹೆಣ್ಣೂರು, ನಾಗವಾರ ಮಾರ್ಗವಾಗಿ ಹೆಬ್ಬಾಳವನ್ನು ತಲುಪಬಹುದು. ಈ ಮಾರ್ಗದಲ್ಲಿ ಬೆಳಿಗ್ಗೆ ಮತ್ತು ಸಂಜೆ ವಾಹನ ದಟ್ಟಣೆ ವಿಪರೀತವಾಗಿರುವುದರಿಂದ ನಸುಕಿನಲ್ಲಿಯೇ ಹೊರಡುವುದು ಸೂಕ್ತ.

9. ವಿಕಿರಣ ಸುರಕ್ಷತೆ

ಪ್ರಾಣಿಯನ್ನು ಹಿಡಿದುಕೊಳ್ಳುವವರು ಸಾಮಾನ್ಯವಾಗಿ ಮಾಲೀಕರೇ ಆಗಿರುವುದರಿಂದ ಈ ಭಾಗವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ದೇಶದಲ್ಲಿ ಕ್ಷ-ಕಿರಣ ಉಪಕರಣಗಳ ಬಳಕೆಯನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಿಯಂತ್ರಿಸುತ್ತದೆ. ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಹಾಗೂ ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ ಇದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯಿದೆ. ಸಿಬ್ಬಂದಿಯು ಎದೆಯ ಮೇಲೆ ಧರಿಸುವ ಟಿ.ಎಲ್.ಡಿ. ಬಿಲ್ಲೆಯು ಅವರಿಗೆ ತಗುಲಿದ ಪ್ರಮಾಣವನ್ನು ಅಳೆಯುತ್ತದೆ. ಮಾಲೀಕರಿಗೆ ಅಂತಹ ಬಿಲ್ಲೆ ಇರುವುದಿಲ್ಲವಾದ್ದರಿಂದ ಅವರು ಹೆಚ್ಚಿನ ಎಚ್ಚರಿಕೆ ವಹಿಸಬೇಕು.

- ಗರ್ಭಿಣಿಯರು ಹಾಗೂ 18 ವರ್ಷದೊಳಗಿನವರು ಪ್ರಾಣಿಯನ್ನು ಹಿಡಿಯತಕ್ಕದ್ದಲ್ಲ. ಚಿತ್ರ ತೆಗೆಯುವ ಸ್ಥಳದಲ್ಲಿಯೂ ಇರತಕ್ಕದ್ದಲ್ಲ.
- ಸಾಧ್ಯವಾದಷ್ಟೂ ಟ್ರಾವಿಸ್ ಚೌಕಟ್ಟು ಅಥವಾ ಮತ್ತು ಬರಿಸುವ ಚುಚ್ಚುಮದ್ದನ್ನು ಬಳಸಿ, ಹಿಡಿಯುವವರ ಸಂಖ್ಯೆಯನ್ನು ಕಡಿಮೆ ಮಾಡಬೇಕು.
- ಹಿಡಿಯುವವರು ಸೀಸದ ಏಪ್ರನ್ ಮತ್ತು ಕೈಗವಸು ಧರಿಸುವುದು ಕಡ್ಡಾಯ. ಆದರೆ ಏಪ್ರನ್ ಚದುರಿದ ಕಿರಣಗಳಿಂದ ರಕ್ಷಣೆ ನೀಡುತ್ತದೆಯೇ ಹೊರತು ನೇರ ಕಿರಣದಿಂದಲ್ಲ. ಕೈಗವಸು ಧರಿಸಿದ್ದರೂ ನೇರ ಕಿರಣದ ಹಾದಿಯಲ್ಲಿ ಕೈ ಇಡತಕ್ಕದ್ದಲ್ಲ.
- ಫಲಕವನ್ನು ಕೈಯಲ್ಲಿ ಹಿಡಿಯದೆ ಉದ್ದ ಹಿಡಿಕೆಯ ಸಾಧನ ಅಥವಾ ಆಧಾರಕಂಬದಲ್ಲಿ ನಿಲ್ಲಿಸಬೇಕು.
- ದೂರವೇ ಉತ್ತಮ ರಕ್ಷಣೆ. ಒಂದು ಮೀಟರ್ ದೂರದಲ್ಲಿರುವವರು ಎರಡು ಮೀಟರಿಗೆ ಸರಿದಲ್ಲಿ ತಗುಲುವ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.
- ಕೊಟ್ಟಿಗೆಯ ಬಳಿ ಚಿತ್ರ ತೆಗೆಯುವಾಗ ಕಿರಣವು ಎತ್ತ ಸಾಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಶಿವಾಜಿನಗರ, ಹಲಸೂರಿನ ಕಿರಿದಾದ ಓಣಿಗಳಲ್ಲಿ ಗೋಡೆಯ ಆಚೆಯೇ ಮತ್ತೊಂದು ಮನೆ ಇರುತ್ತದೆ. ತಗಡಿನ ಮರೆ ಅಥವಾ ಬಾಗಿಲು ಕಿರಣವನ್ನು ತಡೆಯುವುದಿಲ್ಲ. ಜನರಿಲ್ಲದ ದಿಕ್ಕಿಗೆ, ದಪ್ಪ ಗೋಡೆಯ ಕಡೆಗೆ ಕಿರಣ ಹಾಯುವಂತೆ ಪ್ರಾಣಿಯನ್ನು ನಿಲ್ಲಿಸಿ, ನೋಡಲು ನೆರೆದವರನ್ನು ದೂರ ಕಳುಹಿಸತಕ್ಕದ್ದು.

10. ಚಿತ್ರ ಮತ್ತು ವರದಿ

ಪರೀಕ್ಷೆಯ ನಂತರ ಚಿತ್ರದ ಮೂಲ ಡಿಜಿಟಲ್ ಪ್ರತಿಯನ್ನು ಕೇಳಿ ಪಡೆಯುವುದು ಉತ್ತಮ. ಡೈಕಾಮ್ ಎಂಬ ನಮೂನೆಯಲ್ಲಿರುವ ಈ ಪ್ರತಿಯಲ್ಲಿ ದಿನಾಂಕ, ಪಶುವಿನ ವಿವರ ಮತ್ತು ಪೂರ್ಣ ಸೂಕ್ಷ್ಮತೆ ಉಳಿದಿರುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಬೇರೆ ವೈದ್ಯರಿಗೆ ಕಳುಹಿಸಿದಲ್ಲಿ ಸಣ್ಣ ಬಿರುಕುಗಳು ಕಾಣದೆ ಹೋಗುತ್ತವೆ. ಚಿತ್ರದ ಮೇಲೆ ಎಡ, ಬಲ ಎಂಬ ಗುರುತು ಮತ್ತು ಕಿವಿಯೋಲೆ ಸಂಖ್ಯೆ ಸರಿಯಾಗಿದೆಯೇ ಎಂಬುದನ್ನು ಅಲ್ಲಿಯೇ ಪರಿಶೀಲಿಸತಕ್ಕದ್ದು. ವಿಮೆ ಅಥವಾ ಅಪಘಾತ ಪ್ರಕರಣಗಳಲ್ಲಿ ಈ ವಿವರಗಳೇ ಪಶುವಿನ ಗುರುತಿಗೆ ಆಧಾರವಾಗುತ್ತವೆ.

11. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಎಕ್ಸ್-ರೇ ತೆಗೆಸಿದ ಹಸುವಿನ ಹಾಲನ್ನು ಕುಡಿಯಬಹುದೇ?
ಉತ್ತರ: ಕುಡಿಯಬಹುದು. ಯಂತ್ರ ನಿಂತ ಕ್ಷಣವೇ ಕಿರಣಗಳೂ ನಿಲ್ಲುತ್ತವೆ. ಹಾಲಿನಲ್ಲಾಗಲಿ ದೇಹದಲ್ಲಾಗಲಿ ವಿಕಿರಣ ಉಳಿಯುವುದಿಲ್ಲ. ಆದರೆ ಮತ್ತು ಬರಿಸುವ ಔಷಧಿ ಅಥವಾ ಪ್ರತಿಜೈವಿಕ ನೀಡಿದ್ದಲ್ಲಿ, ವೈದ್ಯರು ಸೂಚಿಸಿದಷ್ಟು ದಿನ ಹಾಲನ್ನು ಬಳಸತಕ್ಕದ್ದಲ್ಲ, ಸಂಘಕ್ಕೂ ಹಾಕತಕ್ಕದ್ದಲ್ಲ.

ಪ್ರಶ್ನೆ: ಪರೀಕ್ಷೆಗೆ ಮುನ್ನ ಹಸುವನ್ನು ಉಪವಾಸ ಇರಿಸಬೇಕೇ?
ಉತ್ತರ: ನಿಲ್ಲಿಸಿ ತೆಗೆಯುವ ಚಿತ್ರಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ಮತ್ತು ಬರಿಸಿ ಮಲಗಿಸಬೇಕಾದಲ್ಲಿ ಹೊಟ್ಟೆಯುಬ್ಬರ ಮತ್ತು ಮೇವು ಶ್ವಾಸನಾಳಕ್ಕೆ ಹೋಗುವ ಅಪಾಯವಿರುವುದರಿಂದ ವೈದ್ಯರು ಸೂಚನೆ ನೀಡುತ್ತಾರೆ. ಸೂಚನೆಯಿಲ್ಲದೆ ಉಪವಾಸ ಇರಿಸತಕ್ಕದ್ದಲ್ಲ.

ಪ್ರಶ್ನೆ: ಗರ್ಭ ಧರಿಸಿದ ಹಸುವಿಗೆ ಪರೀಕ್ಷೆ ಮಾಡಿಸಬಹುದೇ?
ಉತ್ತರ: ಅಗತ್ಯವಿದ್ದಲ್ಲಿ ಮಾಡಬಹುದು. ಕಾಲು ಅಥವಾ ಎದೆಯ ಚಿತ್ರದಲ್ಲಿ ಕರುವಿಗೆ ತಗುಲುವ ಪ್ರಮಾಣ ಅತ್ಯಲ್ಪ. ಆದರೆ ಮತ್ತಿನ ಔಷಧಿಯ ಆಯ್ಕೆಗೆ ಗರ್ಭದ ವಿವರ ಅವಶ್ಯಕವಾದ್ದರಿಂದ ಮೊದಲೇ ತಿಳಿಸತಕ್ಕದ್ದು.

ಪ್ರಶ್ನೆ: ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇದೆಯೆಂದು ಸಂಶಯವಿದೆ. ಎಕ್ಸ್-ರೇ ಬೇಕೇ?
ಉತ್ತರ: ಪ್ಲಾಸ್ಟಿಕ್ ಚಿತ್ರದಲ್ಲಿ ಕಾಣುವುದಿಲ್ಲ. ವೈದ್ಯರು ಎಡಪಕ್ಕೆಯನ್ನು ಒತ್ತಿ, ಗುದದ್ವಾರದ ಮೂಲಕ ಪರೀಕ್ಷಿಸಿ ನಿರ್ಧರಿಸುತ್ತಾರೆ. ಜೊತೆಗೆ ತಂತಿಯೂ ಇರುವ ಸಂಶಯವಿದ್ದಲ್ಲಿ ಮಾತ್ರ ಚಿತ್ರ ಉಪಯುಕ್ತ.

12. ಮುನ್ನೆಚ್ಚರಿಕೆ ಹಾಗೂ ಮನವಿ

ತಂತಿ ನುಂಗಿದ ನಂತರ ಮಾಡುವ ಯಾವುದೇ ಪರೀಕ್ಷೆಗಿಂತ ನುಂಗದಂತೆ ನೋಡಿಕೊಳ್ಳುವುದೇ ಮೇಲು. ಹಸುಗಳನ್ನು ಹಾಲು ಕರೆದ ನಂತರ ರಸ್ತೆಗೆ ಬಿಡತಕ್ಕದ್ದಲ್ಲ. ಮೇವನ್ನು ಹಾಕುವ ಮುನ್ನ ಕೊಡವಿ, ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದಲ್ಲಿ ಕಬ್ಬಿಣದ ಚೂರುಗಳು ಅಂಟಿಕೊಂಡು ಬರುತ್ತವೆ. ಹೊರಗೆ ಮೇಯುವ ಹಸುವಿಗೆ ಅಯಸ್ಕಾಂತವನ್ನು ನುಂಗಿಸುವ ಕುರಿತು ವೈದ್ಯರ ಸಲಹೆ ಪಡೆಯಬಹುದು. ಕಟ್ಟಡ ನಿರ್ಮಿಸುವವರು ಬೈಂಡಿಂಗ್ ವೈರ್ ತುಂಡುಗಳನ್ನು ಚೀಲದಲ್ಲಿ ಸಂಗ್ರಹಿಸಿಡಬೇಕು. ಸಾರ್ವಜನಿಕರು ಆಹಾರದ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬಾರದು. ಆಯುಧಪೂಜೆಯಂದು ಒಡೆದ ಬೂದುಕುಂಬಳದ ಹೋಳುಗಳನ್ನು ಹಾಗೂ ನಾಣ್ಯಗಳನ್ನು ಕೂಡಲೇ ತೆಗೆಯಬೇಕು.

ಪಶುವು ಮೇವು ಬಿಟ್ಟ ಮೊದಲ ದಿನವೇ ವೈದ್ಯರಿಗೆ ತೋರಿಸಿ, ಸರಿಯಾದ ಭಾಗಕ್ಕೆ, ಸರಿಯಾದ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದಲ್ಲಿ ಪಶುವಿನ ಪ್ರಾಣವನ್ನೂ ಅದನ್ನು ನಂಬಿದ ಕುಟುಂಬದ ಜೀವನಾಧಾರವನ್ನೂ ಉಳಿಸಿಕೊಳ್ಳಬಹುದು. ಪಶುಪಾಲಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.